ಕೈಯ ಮೇಲಿನ ಅರ್ಧ ತುಳಸಿಕಟ್ಟೆ

ನನ್ನ ಎಡಗೈಯ ಮೇಲೆ ಒಂದು ಹಚ್ಚೆ ಇದೆ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ. ಕೆಳಗೆ ಒಂದು ಅಗಲದ ಮೆಟ್ಟಿಲು, ಅದರ ಮೇಲೆ ಸಣ್ಣ ಮೆಟ್ಟಿಲು, ಅದರ ಮೇಲೆ ಒಂದು ಚೌಕ, ಚೌಕದ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಗೀಟು. ಅಲ್ಲಿಗೆ ಮುಗಿಯಿತು. ಮುಗಿಯಿತು ಅಂದರೆ ಮುಗಿಯಲಿಲ್ಲ, ನಿಂತಿತು. ನೋಡಿದವರಿಗೆ ಅದು ಏನೆಂದು ಗೊತ್ತಾಗುವುದಿಲ್ಲ. ಗ್ಯಾಸಿನ ಒಲೆಯೇ ಎಂದು ಕೇಳಿದವರಿದ್ದಾರೆ. ಒಬ್ಬ ಡಾಕ್ಟರಮ್ಮ ರಕ್ತ ತೆಗೆಯುತ್ತ, ಮಾಳಿಗೆಯ ಮೇಲಿನ ನೀರಿನ ಟಾಂಕಿ ಅಂದುಕೊಂಡಳು. ಗಂಡ ತೀರಿಕೊಂಡ ಮೇಲೆ ಪಿಂಚಣಿಯ ಕಾಗದದಲ್ಲಿ ನನ್ನ ಗುರುತಿನ ಚಿಹ್ನೆ ಬರೆಯಬೇಕಾಗಿತ್ತು. ಅಲ್ಲಿದ್ದ ಗುಮಾಸ್ತ ಕನ್ನಡಕ ಹಣೆಗೇರಿಸಿ, ನನ್ನ ಕೈಯನ್ನು ಬದನೆಕಾಯಿ ತಿರುಗಿಸಿದಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕೊನೆಗೆ ಮೇಜಿನ ಆಕಾರದ ಹಚ್ಚೆ ಎಂದು ಇಂಗ್ಲಿಷಿನಲ್ಲಿ ಬರೆದ. ಸರಕಾರದ ಕಾಗದದಲ್ಲಿ ನಾನು ಮೇಜಿನ ಹೆಂಗಸು.

ಅದು ಮೇಜಲ್ಲ, ತುಳಸಿಕಟ್ಟೆ. ತುಳಸಿ ಬರುವ ಮೊದಲೇ ನಾನು ಎದ್ದು ಓಡಿದೆ.

ಇಷ್ಟು ವರ್ಷ ಇದನ್ನು ಯಾರಿಗೂ ಬರೆದು ಹೇಳಬೇಕೆಂದು ಅನಿಸಿರಲಿಲ್ಲ. ಬರೆಯುವುದೂ ನನಗೆ ಕಷ್ಟ. ಎರಡನೇ ಕ್ಲಾಸಿನವರೆಗೆ ಹೋದವಳು ನಾನು, ಒತ್ತಕ್ಷರ ಬಂದಲ್ಲಿ ಪೆನ್ನು ನಿಂತು ಯೋಚಿಸುತ್ತದೆ. ಆದರೆ ಮೊನ್ನೆ ಪಟ್ಟಂನಲ್ಲಿ ಮಗನ ಮನೆಯಲ್ಲಿ ಟವೆಲು ಒಣಹಾಕುವಾಗ ಅದರ ತುದಿಯಲ್ಲಿ ನೇರಳೆ ಬಣ್ಣದ ಎರಡು ಎಲೆ ಅಂಟಿಕೊಂಡದ್ದು ಕಂಡಿತು. ಸೊಸೆ ನೋಡಿದರೆ ಏನಿದು ಎಂದು ಕೇಳುತ್ತಾಳೆ. ಹೇಳಲು ಹೊರಟರೆ ಕಥೆ ಕುಂಬಳೆಯಿಂದ ಶುರುವಾಗಬೇಕು.

ನನ್ನ ಅಪ್ಪ ಕುಂಬಳೆಯ ರೈಲು ಸ್ಟೇಶನ್ನಿನ ಎದುರಿನ ಹೋಟೆಲಿನಲ್ಲಿ ಅಡುಗೆಗೆ ಇದ್ದವರು. ಮನೆ ಹೋಟೆಲಿನ ಹಿಂದೆಯೇ. ದೀಪಾವಳಿ ಕಳೆದ ಮೇಲೆ ಘಟ್ಟದ ಮೇಲಿನಿಂದ ಒಬ್ಬಳು ಹಚ್ಚೆ ಹಾಕುವವಳು ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ಬಾಯಿ ತುಂಬ ಎಲೆಯಡಿಕೆ. ಮೂರು ಸೂಜಿಯನ್ನು ನೂಲಿನಲ್ಲಿ ಬಿಗಿದು ಕಟ್ಟಿ, ತೆಂಗಿನ ಗೆರಟೆಯಲ್ಲಿ ದೀಪದ ಕಾಡಿಗೆಗೆ ಯಾವುದೋ ಎಲೆಯ ರಸ ಹಿಂಡಿ ಕಲಸುತ್ತಿದ್ದಳು. ಯಾರಿಗೆ ಏನು ಬೇಕು ಎಂದು ಅವಳು ಕೇಳುತ್ತಿರಲಿಲ್ಲ. ಹುಡುಗಿಯ ಮುಖ ನೋಡಿ ಅವಳೇ ತೀರ್ಮಾನ ಮಾಡುತ್ತಿದ್ದಳು. ಒಬ್ಬಳಿಗೆ ಚೇಳು, ಒಬ್ಬಳಿಗೆ ತೊಟ್ಟಿಲು. ನನಗೂ ನನ್ನ ಅಕ್ಕ ದೇವಕಿಗೂ ತುಳಸಿಕಟ್ಟೆ.

“ಸತ್ತಾಗ ಮೈಮೇಲಿನ ಬಂಗಾರ ಬಿಚ್ಕೋತಾರೆ ಮಗಾ, ಇದನ್ನ ಯಾವ ಸೊಸೇನೂ ಬಿಚ್ಚಕ್ಕಾಗಲ್ಲ” ಎಂದು ಹೇಳಿ ಅವಳು ಅಕ್ಕನ ಕೈಯನ್ನು ತನ್ನ ಮೊಣಕಾಲಿನ ಅಡಿಗೆ ಒತ್ತಿ ಹಿಡಿದಳು. ಅಕ್ಕ ಗೋಡೆ ನೋಡುತ್ತ ಕೂತಳು. ಎಲೆ, ಹೂ, ಪಕ್ಕದಲ್ಲಿ ಒಂದು ದೀಪ ಎಲ್ಲ ಬಂತು. ಆಮೇಲೆ ನನ್ನನ್ನು ಕೂರಿಸಿದರು. ಮೆಟ್ಟಿಲು ಕಟ್ಟುವವರೆಗೆ ತಡೆದೆ. ಗಿಡದ ಕಾಂಡಕ್ಕೆ ಸೂಜಿ ಬಂದಾಗ ಅವಳ ಮೊಣಕಾಲಿಗೆ ಕಚ್ಚಿ, ಬಚ್ಚಲುಮನೆಗೆ ಓಡಿ ಹಂಡೆಯ ಹಿಂದೆ ಕೂತೆ. ಅಮ್ಮ ಸೌಟು ಹಿಡಿದು ಬಂದರೂ ಹೊರಗೆ ಬರಲಿಲ್ಲ.

ಹಚ್ಚೆಯವಳು ಮೊಣಕಾಲು ಉಜ್ಜಿಕೊಳ್ಳುತ್ತ ಬಚ್ಚಲಿನ ಬಾಗಿಲಲ್ಲಿ ನಿಂತು ಹೇಳಿದ ಮಾತು ನಮ್ಮ ಮನೆಯಲ್ಲಿ ಗಾದೆಯಾಯಿತು.

“ಅರ್ಧ ಹಚ್ಚೆಯವಳು ಒಂದು ಕಡೆ ಕೂರೋಳಲ್ಲ ಕಣಮ್ಮ. ಇದು ಪೂರ್ತಿ ಆಗೋವರೆಗೂ ಇವಳ ಕಾಲು ನಿಲ್ಲಕಿಲ್ಲ.”

ಮುಂದಿನ ವರ್ಷ ಅವಳು ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಹಾಗೆ ನನ್ನ ಕಟ್ಟೆ ಖಾಲಿಯೇ ಉಳಿಯಿತು.

ಮಾತು ಸುಳ್ಳಾಗಲಿಲ್ಲ. ಮದುವೆಯಾದದ್ದು ಸರಕಾರಿ ಕಚೇರಿಯ ಒಬ್ಬ ಪ್ಯೂನನನ್ನು. ಅವರ ಕಚೇರಿಯಲ್ಲಿ ಯಾರನ್ನಾದರೂ ವರ್ಗ ಮಾಡಬೇಕಾದಾಗ, ಬಾಯಿ ಸತ್ತವರು ಎಂದು ಇವರನ್ನೇ ಮಾಡುತ್ತಿದ್ದರು. ಕಾಸರಗೋಡು, ಕಣ್ಣೂರು, ಪಾಲಕ್ಕಾಡು, ಕೊಚ್ಚಿ, ಕೊನೆಗೆ ತಿರುವನಂತಪುರ. ಹನ್ನೊಂದು ಬಾಡಿಗೆ ಮನೆ. ಒಗ್ಗರಣೆ ಸೌಟು ತೂಗಿಸುವ ಮೊಳೆ ಹೊಡೆದು ಮುಗಿಯುವಾಗ ಲಾರಿ ಬಂದು ನಿಲ್ಲುತ್ತಿತ್ತು. ಆಗೆಲ್ಲ ಗಂಡ, “ಎಲ್ಲ ನಿನ್ನ ಆ ಮೊಂಡು ಕಟ್ಟೆಯಿಂದ” ಎನ್ನುತ್ತಿದ್ದರು. ವರ್ಗದ ಕಾಗದ ಬರುವುದು ಅವರ ಹೆಸರಿಗೆ, ತಪ್ಪು ನನ್ನ ಕೈಯದ್ದು.

ಅವರು ಹೋಗಿ ಎಷ್ಟೋ ವರ್ಷ ಆಯಿತು. ಆದರೂ ನನ್ನ ತಿರುಗಾಟ ನಿಲ್ಲಲಿಲ್ಲ. ಮಗ ಶ್ರೀಧರ ತಿರುವನಂತಪುರದ ಪಟ್ಟಂನಲ್ಲಿ, ಸರಕಾರಿ ಕೆಲಸ. ಮಗಳು ವಾಣಿ ಕೊಚ್ಚಿಯ ಎಡಪ್ಪಳ್ಳಿಯಲ್ಲಿ, ವಕೀಲೆ. ಇಲ್ಲಿ ಇಪ್ಪತ್ತು ದಿನ, ಅಲ್ಲಿ ಇಪ್ಪತ್ತು ದಿನ. ಯಾರೂ ಹೋಗು ಎನ್ನುವುದಿಲ್ಲ. ಹದಿನೈದನೇ ದಿನಕ್ಕೆ ನನಗೇ ಅಂಗಾಲು ತುರಿಸಲು ಶುರುವಾಗುತ್ತದೆ. ಬಾಲ್ಕನಿಗೆ ಹೋಗುತ್ತೇನೆ, ಒಳಗೆ ಬರುತ್ತೇನೆ. ಡಬ್ಬಗಳ ಮುಚ್ಚಳ ತೆಗೆದು ನೋಡುತ್ತೇನೆ. ಸೊಸೆ, “ಏನು ಹುಡುಕ್ತಾ ಇದ್ದೀರಿ ಅತ್ತೆ?” ಎಂದು ಕೇಳಿದರೆ ಮುಚ್ಚಳ ಹಾಕಿ ಮುಂದಿನ ಡಬ್ಬಕ್ಕೆ ಹೋಗುತ್ತೇನೆ. ಚೀಲದ ಜಿಪ್ಪು ನಾನು ಯಾವ ಮನೆಯಲ್ಲಿಯೂ ಪೂರ್ತಿ ತೆರೆಯುವುದಿಲ್ಲ.

ಮೂರು ತಿಂಗಳ ಹಿಂದೆ ತಿರುವನಂತಪುರದ ತಂಪಾನೂರಿನ ಸ್ಟೇಶನ್ನಿನಲ್ಲಿ ಗಾಡಿಯಿಂದ ಇಳಿಯುವಾಗ ಮೆಟ್ಟಿಲು ತಪ್ಪಿತು. ಬೀಳಲಿಲ್ಲ. ಒಬ್ಬ ಪೋರ್ಟರು ಹಿಡಿದ. ಚೀಲದಲ್ಲಿದ್ದ ಹಲಸಿನ ಬೀಜ ಪ್ಲಾಟ್‌ಫಾರ್ಮಿಡೀ ಉರುಳಿತು, ಅಷ್ಟೇ. ಆದರೆ ಆ ದಿನ ರಾತ್ರಿಯೇ ಅಣ್ಣ ತಂಗಿ ಫೋನಿನಲ್ಲಿ ಮಾತಾಡಿಕೊಂಡರು. ಬೆಳಗ್ಗೆ ವಾಣಿ ಫೋನಿನಲ್ಲಿಯೇ ನನಗೆ ತೀರ್ಪು ಓದಿದಳು.

“ಅಮ್ಮ, ಇನ್ನು ಈ ಓಡಾಟ ಬೇಡ. ನಮ್ಮಲ್ಲಿ ಬೇಕಾದ್ರೆ ನಮ್ಮಲ್ಲಿರು, ಅಣ್ಣನಲ್ಲಿ ಬೇಕಾದ್ರೆ ಅಲ್ಲಿರು. ಓಣಂ ಒಳಗೆ ಒಂದು ಕಡೆ ಅಂತ ಹೇಳ್ಬಿಡು. ನಾವು ಬಂದು ನೋಡ್ತೇವೆ, ನೀನು ಬರ್ಲಿಕ್ಕಿಲ್ಲ.”

“ಎರಡೂ ಕಡೆ ಆಗ್ಲಿಕ್ಕಿಲ್ವಾ?”

“ಆಗ್ಲಿಕ್ಕಿಲ್ಲ.”

ಅವಳ ಅಪ್ಪ ಬದುಕಿದ್ದಾಗ ವರ್ಗದ ಕಾಗದ ಬರುತ್ತಿತ್ತು, ಎಲ್ಲಿಗೆ ಎಂದು ಅದರಲ್ಲಿಯೇ ಇರುತ್ತಿತ್ತು. ಇದು ವರ್ಗ ನಿಲ್ಲಿಸುವ ಕಾಗದ. ಜಾಗ ನಾನೇ ತುಂಬಬೇಕು. ಎರಡು ತಿಂಗಳು ಅದನ್ನೇ ಯೋಚಿಸಿದೆ. ಪಟ್ಟಂನಲ್ಲಿದ್ದರೆ ಎಡಪ್ಪಳ್ಳಿಯಲ್ಲಿ ನಾನು ಕೂರುವ ಕುರ್ಚಿ ನೆನಪಾಗುತ್ತಿತ್ತು, ಎಡಪ್ಪಳ್ಳಿಯಲ್ಲಿದ್ದರೆ ಪಟ್ಟಂನ ಬಾಲ್ಕನಿಯಿಂದ ಕಾಣುವ ಬಸ್ಸುಗಳು. ಊಟದ ಮಧ್ಯೆ ಎದ್ದು ಕೈತೊಳೆದು ಮತ್ತೆ ಬಂದು ಕೂತದ್ದೂ ಉಂಟು.

ಅಂಥದ್ದರಲ್ಲಿ ವಾಣಿಯ ಮಗಳು ಮೇಧಾ ಒಂದು ಮಧ್ಯಾಹ್ನ ನನ್ನ ಪಕ್ಕ ಬಂದು ಕೂತಳು. ಇಪ್ಪತ್ತು ವರ್ಷದ ಹುಡುಗಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಲಯಾಳ. ನನ್ನೊಡನೆ ಮಾತ್ರ ಎರಡನ್ನೂ ಕಲಸಿ ಆಡುತ್ತಾಳೆ.

“ಅಜ್ಜೀ, ನಾನು ಟ್ಯಾಟೂ ಮಾಡಿಸ್ತೇನೆ. ಅಮ್ಮನ ಅಡುತ್ತ್ ಹೇಳ್ಬೇಡ. ನೀನು ನನ್ನೊಟ್ಟಿಗೆ ಬಾ.”

“ಎಂತ ಹಾಕಿಸ್ತಿ? ಯಾರದ್ದಾದ್ರೂ ಹೆಸರಾ?”

“ಅಯ್ಯೇ, ಹೆಸರು ವೇಂಡ. ಹಲ್ಲಿ.”

ನಾನು ಕಿವಿ ಸರಿಮಾಡಿಕೊಂಡೆ. ಹಲ್ಲಿಯೇ. ಎಡಹೆಗಲ ಹಿಂದೆ, ಹೆಬ್ಬೆರಳಿನಷ್ಟು ದೊಡ್ಡದು. ಸಣ್ಣವಳಿರುವಾಗ ಒಬ್ಬಳೇ ಮಲಗಲು ಹೆದರುತ್ತಿದ್ದಳಂತೆ, ಗೋಡೆಯ ಮೇಲೆ ಒಂದು ಹಲ್ಲಿ ದಿನವೂ ಬಂದು ಇವಳನ್ನು ನೋಡಿಕೊಳ್ಳುತ್ತಿತ್ತಂತೆ. ನೋಡಿ, ನಮ್ಮ ಕಡೆ ಮೈಮೇಲೆ ಹಲ್ಲಿ ಬಿದ್ದರೆ ತಲೆಗೆ ನೀರು ಹಾಕಿಕೊಂಡು ಪಂಚಾಂಗ ತೆಗೆಯುತ್ತೇವೆ. ಹಣೆಗೆ ಬಿದ್ದರೆ ಹೀಗೆ, ಮೊಣಕೈಗೆ ಬಿದ್ದರೆ ಹಾಗೆ ಎಂದು ಹಲ್ಲಿಗೊಂದು ಪುಟವೇ ಇರುತ್ತದೆ. ಇವಳು ಅದನ್ನು ಬೀಳಿಸಿಕೊಂಡು ಓಡಿಸದೆ ಇಟ್ಟುಕೊಳ್ಳುವವಳು. ನನ್ನ ಚೀಲದಲ್ಲಿದ್ದ ಪಂಚಾಂಗ ತೆಗೆದು ಎಡಹೆಗಲು ಹುಡುಕಿದೆ. ಲಾಭ ಎಂದಿತ್ತು. ವಾಣಿಯ ಮನೆಯ ಗೋಡೆಯ ಪಂಚಾಂಗದಲ್ಲಿ ಕಲಹ ಎಂದಿತ್ತು. ಎರಡೂ ಆಗುತ್ತದೆ ಎಂದು ನನಗೆ ಗೊತ್ತಿತ್ತು.

“ಆಮೇಲೆ ಬೇಡ ಅನಿಸಿದ್ರೆ ಎಂತ ಮಾಡ್ತಿ?” ಎಂದು ಕೇಳಿದೆ.

“ಅದೇ ಅಜ್ಜಿ ಪ್ರಶ್ನೆ. ಎರಡು ವರ್ಷದಿಂದ ಅದನ್ನೇ ಯೋಚಿಸ್ತಾ ಇದ್ದೇನೆ. ನಿನಗೆ ಬೇಡ ಅನಿಸಿದ್ದುಂಟಾ, ನಿನ್ನ ಈ ಪೆಟ್ಟಿಗೆ?”

ಅವಳಿಗೆ ಹೇಳಬೇಕಾದ್ದನ್ನು ಹೇಳಿದೆ. ಹಚ್ಚೆಯ ನೋವು ಒಂದು ಗಳಿಗೆ. ಚಿತ್ರ ಚಂದವೋ ಅಲ್ಲವೋ ಎನ್ನುವುದು ಆರು ತಿಂಗಳಿಗೆ ಮರೆತುಹೋಗುತ್ತದೆ, ನಮ್ಮ ಮೂಗನ್ನು ನಾವು ಮರೆತ ಹಾಗೆ. ಕಷ್ಟ ಇರುವುದು ಜವಾಬು ಕೊಡುವುದರಲ್ಲಿ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಮದುವೆಯ ಪಂಕ್ತಿಯಲ್ಲಿ, ಸಾಯುವವರೆಗೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಒಂದೇ ಜವಾಬನ್ನು ಸಾವಿರ ಸಲ ಹೇಳಿದರೂ ಬೇಸರ ಬಾರದು ಎಂದಿದ್ದರೆ ಹಾಕಿಸಿಕೋ. ಬೇಸರ ಬರುವುದಾದರೆ ಬಳೆ ತೊಟ್ಟುಕೋ.

ಅವಳು ಸ್ವಲ್ಪ ಯೋಚಿಸಿ, “ಹಲ್ಲಿ ವಿಷಯ ಎಷ್ಟು ಬೇಕಾದ್ರೂ ಹೇಳ್ತೇನೆ” ಎಂದಳು.

ಅಂಗಡಿ ಎಡಪ್ಪಳ್ಳಿ ಜಂಕ್ಷನ್ನಿನ ಹತ್ತಿರ, ದೊಡ್ಡ ಮಾಲಿನ ಹಿಂದಿನ ಓಣಿಯಲ್ಲಿ, ಮೊದಲ ಮಾಳಿಗೆ. ಒಳಗೆ ಹೋದರೆ ಹಲ್ಲಿನ ಡಾಕ್ಟರ ಕೋಣೆಯ ಹಾಗೆ ವಾಸನೆ, ಅಂಥದ್ದೇ ಕುರ್ಚಿ. ಹಚ್ಚೆ ಹಾಕುವವನ ಹೆಸರು ಬಿಜು. ಅವನ ಎರಡು ಕೈಯಲ್ಲಿಯೂ ಒಂದು ಸಾಸಿವೆ ಕಾಳು ಇಡಲು ಜಾಗ ಇರಲಿಲ್ಲ. ಹುಲಿ, ಹೂವು, ಹಡಗು. ಮಲಯಾಳದಲ್ಲಿ ನಾನು ಅವನನ್ನು ಮೊದಲು ಕೇಳಿದ್ದೇ ಇದು: “ಇದರಲ್ಲಿ ಯಾಕಾದ್ರೂ ಹಾಕಿಸಿದೆನೋ ಅನ್ನುವಂಥದ್ದು ಯಾವುದು ಮಗನೇ?”

ಅವನು ನಕ್ಕು ಮುಂಗೈ ತಿರುಗಿಸಿ ತೋರಿಸಿದ. ಹುಲಿಯ ಪಕ್ಕದಲ್ಲಿ ಕಪ್ಪಾಗಿ ತುಂಬಿದ ಒಂದು ಚೌಕ. ಅದರ ಅಡಿಯಲ್ಲಿ ಒಂದು ಹೆಸರು ಇತ್ತಂತೆ.

“ಅಮ್ಮೂಮ್ಮನದ್ದೂ ಪೆಟ್ಟಿಗೆ, ನನ್ನದೂ ಪೆಟ್ಟಿಗೆ” ಎಂದ.

“ನನ್ನದು ಖಾಲಿ. ನಿನ್ನದರ ಒಳಗೆ ಆಳು ಉಂಟು” ಎಂದೆ.

ಮೇಧಾ ಇಂಗ್ಲಿಷಿನ ಒಂದು ಕಾಗದಕ್ಕೆ ಸಹಿ ಹಾಕಿದಳು. ಅವನು ಮೊದಲೇ ಸೂಜಿ ಹಿಡಿಯಲಿಲ್ಲ. ಹಲ್ಲಿಯ ಚಿತ್ರವನ್ನು ಒಂದು ತೆಳು ಕಾಗದದ ಮೇಲೆ ಬರೆದು, ಹೆಗಲಿಗೆ ನೀರಿನಂಥದ್ದೇನೋ ಹಚ್ಚಿ ಒತ್ತಿ ತೆಗೆದ. ನೇರಳೆ ಬಣ್ಣದ ಹಲ್ಲಿ ಅಂಟಿಕೊಂಡಿತು. ಬೇಡವಾದರೆ ಒರೆಸಬಹುದು. ಒರೆಸಿದರು, ಮತ್ತೆ ಹಚ್ಚಿದರು. ಹಲ್ಲಿಯ ಮುಖ ಮೇಲಕ್ಕೆ, ಮುಖ ಕೆಳಕ್ಕೆ, ಬಾಲ ಓರೆಗೆ. ನಾಲ್ಕನೇ ಸಲಕ್ಕೆ ಇವಳು ಕನ್ನಡಿಯಲ್ಲಿ ನೋಡಿ ಶೆರಿ ಎಂದಳು. ನಮ್ಮ ಹಚ್ಚೆಯವಳ ಬುಟ್ಟಿಯಲ್ಲಿ ಈ ಕಾಗದವೊಂದು ಇದ್ದಿದ್ದರೆ ಎಷ್ಟೋ ಚೇಳುಗಳು ತಪ್ಪುತ್ತಿದ್ದವು.

ಯಂತ್ರ ಕಣಜದ ಹಾಗೆ ಗುಂಯ್ ಎನ್ನತೊಡಗಿದ ಮೇಲೆ ಮೇಧಾ ನನ್ನ ಕೈ ಹಿಡಿದಳು. ಹಿಡಿದಳು ಅಂದರೆ ಹಿಂಡಿದಳು.

“ಅಜ್ಜೀ, ಏನಾದ್ರೂ ಮಾತಾಡು.”

“ಓಡ್ಬೇಕು ಅನಿಸ್ತದಾ?”

“ಹೂಂ.”

“ಓಡಿದ್ರೆ ಬಾಲ ಇಲ್ಲದ ಹಲ್ಲಿ ಆಗ್ತದೆ ನೋಡು. ಮತ್ತೆ ಚಿಗುರ್ಲಿಕ್ಕೆ ಅದು ನಿಜದ್ದಲ್ಲ.”

ಅವಳು ನಗುತ್ತ ಅತ್ತಳು. ಬಿಜು ಯಂತ್ರ ನಿಲ್ಲಿಸಿ ಕಾದ. ಅವಳು ಓಡಲಿಲ್ಲ. ಮುಕ್ಕಾಲು ಗಂಟೆ ಕೂತಳು, ಅಕ್ಕ ದೇವಕಿ ಕೂತ ಹಾಗೆ ಗೋಡೆ ನೋಡುತ್ತ.

ಅದನ್ನು ನೋಡುತ್ತ ನನಗೆ ಏನಾಯಿತೋ. ಓಣಂಗೆ ಇನ್ನು ಹತ್ತು ದಿನ. ಒಂದು ಕಡೆ ಎಂದು ಹೇಳಬೇಕು, ಬಾಯಿಗೆ ಬರುತ್ತಿಲ್ಲ. ಕಟ್ಟೆ ತುಂಬಿಸಿಕೊಂಡರೆ ಕಾಲು ತಾನಾಗಿ ನಿಲ್ಲಬಹುದಲ್ಲ ಎಂದು ತಲೆಗೆ ಹೊಕ್ಕಿತು. ಮುದಿ ಬುದ್ಧಿ. ಹಚ್ಚೆಯವಳ ಮಾತನ್ನು ನಂಬುತ್ತೇನೆಯೇ ಎಂದರೆ ಇಲ್ಲ. ನಂಬುವುದಿಲ್ಲವೇ ಎಂದರೆ ಹನ್ನೊಂದು ಬಾಡಿಗೆ ಮನೆ.

ಕೈ ಚಾಚಿ, “ಇದಕ್ಕೊಂದು ತುಳಸಿ ನೆಡ್ತಿಯಾ ಮಗನೇ?” ಎಂದೆ.

ಬಿಜು ಕೈಗವಸು ಬದಲಿಸಿ, ನನ್ನ ಮುಂಗೈಯ ಚರ್ಮವನ್ನು ಎರಡು ಬೆರಳಿನಲ್ಲಿ ಮೆತ್ತಗೆ ಎಳೆದು ನೋಡಿದ. ಸಕ್ಕರೆ ಕಾಯಿಲೆ ಉಂಟೇ, ಯಾವ ಮಾತ್ರೆ ಎಂದೆಲ್ಲ ಕೇಳಿದ. ಚರ್ಮ ಹಪ್ಪಳದಂತಾಗಿದೆ, ಶಾಯಿ ಹರಡುತ್ತದೆ, ಡಾಕ್ಟರನ್ನು ಕೇಳದೆ ಸೂಜಿ ಇಡುವುದಿಲ್ಲ ಎಂದ. ಬೇಕಾದರೆ ಕಾಗದದ ತುಳಸಿ ಹಚ್ಚಿಕೊಡುತ್ತೇನೆ, ಸಾಬೂನು ತಾಗಿಸದಿದ್ದರೆ ನಾಲ್ಕು ದಿನ ಇರುತ್ತದೆ, ಇಟ್ಟುಕೊಂಡು ನೋಡಿ, ಆಮೇಲೂ ಬೇಕು ಅನಿಸಿದರೆ ಡಾಕ್ಟರ ಚೀಟಿ ತನ್ನಿ ಎಂದ. ನನ್ನ ಅಕ್ಕಿಕಾಳಿನ ಗೀಟಿಗೆ ಸರಿಯಾಗಿ ಕೂರುವಂತೆ ಕಾಂಡ, ಎಲೆ, ತೆನೆ ಬರೆದು ಹಚ್ಚಿದ. ಅರುವತ್ತು ಚಿಲ್ಲರೆ ವರ್ಷದ ಹಳೆಯ ಹಸಿರು ಕಟ್ಟೆಯ ಮೇಲೆ ಹೊಸ ನೇರಳೆ ತುಳಸಿ. ಮೇಧಾ ಫೋಟೋ ತೆಗೆದಳು. ನನ್ನಿಂದ ಅವನು ಏನೂ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಒಂದನೇ ಪಂಚಾಂಗವೂ ಎರಡನೇ ಪಂಚಾಂಗವೂ ಸರಿಯಾದವು. ಮೇಧಾಳ ಹೆಗಲಿಗೆ ಉಳಿದ ಪಲ್ಯಕ್ಕೆ ಸುತ್ತುವಂಥ ಪ್ಲಾಸ್ಟಿಕ್ ಸುತ್ತಿದ್ದರು, ಅದರ ಒಳಗೆ ಹಲ್ಲಿ ಹೊಳೆಯುತ್ತಿತ್ತು. ವಾಣಿ ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಸಮೇತ ಬಂದಳು.

“ಅಮ್ಮ, ನೀನು ಜೊತೆಗೆ ಹೋಗಿ ಮಾಡಿಸಿಕೊಂಡು ಬಂದದ್ದಾ?”

“ನಾನು ಸಾಕ್ಷಿ ಮಾತ್ರ.”

“ಸಾಕ್ಷಿಯ ಕೈಯಲ್ಲಿ ಎಂತ ಅದು?”

ತೋರಿಸಿದೆ. ಅವಳ ಸಿಟ್ಟು ಅರ್ಧದಲ್ಲಿ ನಿಂತಿತು. ಗಾದೆ ಅವಳಿಗೂ ಗೊತ್ತು. “ಅಂದ್ರೆ ನಿರ್ಧಾರ ಮಾಡಿದ್ಯಾ? ಎಲ್ಲಿ ಅಂತ?” ಎಂದು ಮೆಲ್ಲಗೆ ಕೇಳಿದಳು. “ಇಲ್ಲ, ಇದು ಬರೇ ಅಂಟಿಸಿದ್ದು” ಎಂದೆ. ಪಟ್ಟಂನಲ್ಲಿ ಬಿಟ್ಟ ಬಟ್ಟೆಬರೆ ತರುವ ನೆವ ಹೇಳಿ ಒಂದು ಕೊನೆಯ ಟಿಕೆಟು ಮಾಡಿಸಿಕೊಂಡೆ.

ಎರಡನೇ ದಿನ ಎರ್ನಾಕುಳಂನಲ್ಲಿ ಗಾಡಿ ಹತ್ತಿದೆ. ಕಿಟಕಿಯ ಪಕ್ಕದ ಸೀಟು. ಎದುರಿಗೆ ನನ್ನದೇ ಪ್ರಾಯದ ಒಬ್ಬಳು, ಪಕ್ಕದಲ್ಲಿ ನರ್ಸಿನ ಬಟ್ಟೆಯ ಹುಡುಗಿ. ನಾನು ಕೈಯನ್ನು ಮಡಿಲಲ್ಲಿ ಚಂದ ಮಾಡಿ ಇಟ್ಟುಕೊಂಡೆ. ಎದುರಿನವಳು ನೋಡಿದಳು. “ತುಳಸಿ, ಅಲ್ಲೇ?” ಎಂದಳು. ಹೌದು ಎಂದೆ. ಅವಳು ಕೈಮುಗಿದಂತೆ ಮಾಡಿ ಕಣ್ಣು ಮುಚ್ಚಿ ಮಲಗಿದಳು. ನರ್ಸು ಹುಡುಗಿ, “ಅಮ್ಮನಿಗೆ ದೊಡ್ಡ ಭಕ್ತಿ” ಎಂದು ಹೇಳಿ ಫೋನಿಗೆ ತಿರುಗಿದಳು. ನಾನು ದೇವಸ್ಥಾನಕ್ಕೆ ಹೋಗುವುದು ಪಾಯಸ ಇರುವ ದಿನ ಮಾತ್ರ.

ಕೋಟ್ಟಯಂ ಕಳೆಯಿತು, ಚೆಂಗನ್ನೂರು ಕಳೆಯಿತು. ಯಾರೂ ಏನೂ ಕೇಳುವುದಿಲ್ಲ. ನಾನು ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಬೇರೆ ಸಲವಾದರೆ ಈ ಹೊತ್ತಿಗೆ, ಇದು ಎಂತ ಅಮ್ಮ ಎಂದು ಒಬ್ಬರು ಕೇಳಿ, ನೀವೇ ಹೇಳಿ ಎಂದು ನಾನು ಅಂದು, ಅವರು ಮೇಜು ಎಂದು, ಪಕ್ಕದವರು ಅಲ್ಲ ರೇಡಿಯೋ ಎಂದು, ನಾನು ಹಂಡೆಯ ಹಿಂದೆ ಕೂತ ಕಥೆ ಹೇಳಿ, ಅವರು ತಮ್ಮ ತಾಯಿಯ ಕಥೆ ಹೇಳಿ, ಕೊಲ್ಲಂ ಬರುವಾಗ ಅವರ ಡಬ್ಬಿಯ ಉಣ್ಣಿಯಪ್ಪಂ ನನ್ನ ಕೈಯಲ್ಲಿ ಇರುತ್ತಿತ್ತು. ಹನ್ನೊಂದು ಬಾಡಿಗೆ ಮನೆಯ ಬಾವಿಕಟ್ಟೆಯಲ್ಲಿ, ನಲ್ಲಿಯ ಸಾಲಿನಲ್ಲಿ, ಭಾಷೆ ಅರ್ಧ ಬರುವ ಕಾಲದಲ್ಲಿ ನನಗೆ ಗೆಳತಿಯರನ್ನು ಮಾಡಿಕೊಟ್ಟದ್ದು ಈ ಗೀಟು. ಪೂರ್ತಿ ಚಿತ್ರವನ್ನು ಜನ ನೋಡುತ್ತಾರೆ, ಗೊತ್ತಾಯಿತು ಎನ್ನುತ್ತಾರೆ, ಮಲಗುತ್ತಾರೆ.

ಆಗ ಅಕ್ಕನ ನೆನಪಾಯಿತು. ಅವಳ ಕಟ್ಟೆ ಪೂರ್ತಿ, ಅವಳು ಕುಂಬಳೆ ಬಿಟ್ಟವಳಲ್ಲ. ಒಂದೇ ಮನೆ, ಒಂದೇ ಅಡುಗೆಕೋಣೆ. ನಾನು ಯಾವ ಊರಿನಿಂದ ಹೋದರೂ ಚಾಪೆ ಹಾಕಿ, “ಅಲ್ಲಿಯ ಬಸ್‌ಸ್ಟ್ಯಾಂಡ್ ಹೇಗುಂಟು, ಹೇಳು” ಎನ್ನುತ್ತಿದ್ದಳು. ಬಸ್‌ಸ್ಟ್ಯಾಂಡಿನ ಮೇಲೆ ಅವಳಿಗೆ ಅಷ್ಟು ಆಸೆ. ಒಂದು ಸಲ ನನ್ನ ಕೈ ಹಿಡಿದು ಗೀಟಿನ ಮೇಲೆ ಬೆರಳಾಡಿಸಿ, “ಹಂಡೆಯ ಹಿಂದೆ ಇನ್ನೊಬ್ಬಳಿಗೆ ಜಾಗ ಇತ್ತು, ಅಲ್ವಾ?” ಎಂದಿದ್ದಳು. ಹೋದ ವರ್ಷ ಅವಳನ್ನು ಚಾಪೆಯ ಮೇಲೆ ಮಲಗಿಸಿದಾಗ ಕೈ ನೋಡಿದೆ. ತುಳಸಿ, ದೀಪ ಎಲ್ಲ ಹರಡಿ ಒಂದು ಪಾಚಿಯ ಕಲೆಯಾಗಿತ್ತು. ಪೂರ್ತಿಯಾದದ್ದು ಎಂದು ನನಗೆ ಗೊತ್ತು, ನೋಡಿದವರಿಗೆ ಗೊತ್ತಾಗುವ ಹಾಗಿರಲಿಲ್ಲ.

ತಂಪಾನೂರಿನಲ್ಲಿ ಶ್ರೀಧರ ಬಂದಿದ್ದ. ಎರಡೂ ಕೈಯಿಂದ ನನ್ನನ್ನು ಗಾಜಿನ ಸಾಮಾನಿನ ಹಾಗೆ ಇಳಿಸಿದ. ಕೈ ನೋಡಿ ನಕ್ಕ.

“ಕಟ್ಟೆ ಪೂರ್ತಿ ಆಯ್ತಲ್ಲ ಅಮ್ಮ. ಇನ್ನಾದ್ರೂ ಒಂದು ಕಡೆ ಕೂತ್ಕೊ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತಿಗೆ ನನ್ನ ಅಂಗಾಲು ಅಲ್ಲಿಯೇ ತುರಿಸಿತು. ಇನ್ನೂ ಮನೆ ಸೇರಿರಲಿಲ್ಲ.

ಮೂರನೇ ದಿನ ತುಳಸಿಯ ತುದಿ ಮಾಸಿತು. ನಾಲ್ಕನೇ ದಿನ ಬೆಳಗ್ಗೆ ನಾನು ತೆಂಗಿನೆಣ್ಣೆ ಹಚ್ಚಿ, ನಾರಿನಿಂದ ಉಜ್ಜಿ, ಟವೆಲಿನಿಂದ ಒರೆಸಿದೆ. ಎಲೆ ಹೋಯಿತು, ತೆನೆ ಹೋಯಿತು. ಅಕ್ಕಿಕಾಳಿನ ಗೀಟು ಹೋಗಲಿಲ್ಲ. ಅದು ಘಟ್ಟದ ಮೇಲಿನವಳ ಕೆಲಸ.

ಕಾಫಿಯ ಹೊತ್ತಿಗೆ ಶ್ರೀಧರನಿಗೆ ಹೇಳಿದೆ. “ವಾಣಿಗೂ ಫೋನು ಮಾಡಿ ಹೇಳು. ನಾನು ಒಂದು ಕಡೆ ಇರುವವಳಲ್ಲ. ಹೋಗ್ತೇನೆ, ಬರ್ತೇನೆ.”

“ಬಿದ್ರೆ?”

“ಬಿದ್ರೆ ಬಿದ್ದೆ. ನಿನ್ನ ಸೋಫಾದಿಂದಲೂ ಬೀಳಬಹುದು. ಅಲ್ಲಿ ಪೋರ್ಟರೂ ಇಲ್ಲ.”

ಅವನು ಕಾಫಿಯ ಲೋಟ ಕೆಳಗಿಟ್ಟ. ಅಮ್ಮನನ್ನು ಕೊಡಲೂ ಆಗದ, ಇಟ್ಟುಕೊಳ್ಳಲೂ ಆಗದ ಮುಖ. ಕೊನೆಗೆ ಎರಡು ಶರತ್ತು ಹಾಕಿದ. ಹತ್ತಿಸುವಾಗ ಒಬ್ಬರು, ಇಳಿಸುವಾಗ ಒಬ್ಬರು ಇರಬೇಕು. ಹಲಸಿನ ಬೀಜ ಹೊರುವಂತಿಲ್ಲ. ಮೊದಲನೆಯದಕ್ಕೆ ಒಪ್ಪಿದೆ.

ಇದನ್ನು ಬರೆಯುತ್ತಿರುವುದು ತಂಪಾನೂರಿನ ಬೆಂಚಿನಲ್ಲಿ ಕೂತು, ಪಂಚಾಂಗದ ಹಿಂದಿನ ಖಾಲಿ ಪುಟಗಳಲ್ಲಿ. ಓಣಂ ಎಡಪ್ಪಳ್ಳಿಯಲ್ಲಿ. ಹಲ್ಲಿಯನ್ನು ಏನೆಂದು ಹೇಳುತ್ತಿದ್ದಾಳೋ ಮೇಧಾ, ಕೇಳಬೇಕು. ಶ್ರೀಧರ ನೀರಿನ ಬಾಟ್ಲಿ ತರಲು ಹೋಗಿದ್ದಾನೆ. ಖಾಲಿ ಮೀನಿನ ಬುಟ್ಟಿ ಹಿಡಿದ ಒಬ್ಬಳು ಬೆಂಚಿನ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತು ಪೆನ್ನು ನೋಡಿದಳು, ಆಮೇಲೆ ಪೆನ್ನು ಹಿಡಿದ ಕೈ ನೋಡಿದಳು, ಆಮೇಲೆ ಇನ್ನೊಂದು ಕೈ.

“ಇದೆಂದಾ ಚೇಚಿ, ಕುರ್ಚಿಯಾ?”

ಕುರ್ಚಿ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ನಾನು ಚೀಲ ಸರಿಸಿ ಜಾಗ ಮಾಡಿಕೊಟ್ಟೆ. ಗಾಡಿ ಬರಲು ಇನ್ನೂ ಅರ್ಧ ಗಂಟೆ ಇದೆ.